ಉತ್ತರ ‘ಡಿ’: ಮೇಲಿನ ಎಲ್ಲವೂ

ಮೊದಲನೇ ಮಹಾಯುದ್ಧ ಯಾಕೆ ನಡೆಯಿತು ಅಂತ ಇತಿಹಾಸಕಾರರು ನೂರು ವರ್ಷದಿಂದ ಜಗಳ ಆಡುತ್ತಲೇ ಇದ್ದಾರೆ. ಪಾಪ, ಒಬ್ಬರೂ ಗೈಡ್ ಕೊಂಡಂತಿಲ್ಲ. ನಾಲ್ಕು ಆಯ್ಕೆಯ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಉತ್ತರ ‘ಡಿ’. ಮೇಲಿನ ಎಲ್ಲವೂ. ಒಂದು ಅಂಕ.

1914ರ ಜೂನ್ 28, ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು. 1919ರ ಜೂನ್ 28, ವರ್ಸೇಲ್ಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ. ‘ಎರಡೂ ಒಂದೇ ತಾರೀಕು, ನೆನಪಿಡೋದು ಸುಲಭ’ ಅಂತ ಮೇಷ್ಟ್ರಿಗೆ ಖುಷಿ. ನಡುವೆ ಸತ್ತವರಿಗೆ ಅಂಕ ಇಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. ‘ಸರ್, ಬೆಳಿಗ್ಗೆ ತಾನೇ ಬಾಂಬ್ ಬಿದ್ದಿತ್ತಲ್ಲ, ಯುವರಾಜ ಮತ್ತೆ ತೆರೆದ ಕಾರಲ್ಲಿ ಯಾಕೆ ಹೊರಟ?’ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೊರಟಿದ್ದ. ಡ್ರೈವರ್ ತಪ್ಪು ದಾರಿಗೆ ತಿರುಗಿಸಿದ. ಗೊತ್ತಾಗಿ ನಿಲ್ಲಿಸಿದರೆ, ಪಕ್ಕದಲ್ಲೇ ಪಿಸ್ತೂಲು ಹಿಡಿದ ಹಂತಕ ಪ್ರಿನ್ಸಿಪ್! ಕತೆ ಅಂದರೆ ಇದು, ಅಲ್ವಾ? ಮೇಷ್ಟ್ರ ಕಣ್ಣೂ ಒಂದು ಕ್ಷಣ ಮಿನುಗುತ್ತದೆ. ಆಮೇಲೆ ಗಡಿಯಾರ ನೋಡುತ್ತಾರೆ. ‘ಇದು ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ.’

ಅವರನ್ನು ಸುಮ್ನೆ ಬೈಯುವಂತಿಲ್ಲ. ರಿಸಲ್ಟ್ ಇಳಿದರೆ ನೋಟಿಸ್ ಬರುವುದು ಅವರಿಗೇ, ಪ್ರಿನ್ಸಿಪ್‌ಗಲ್ಲ.

ಫ್ರಾನ್ಸಿನ ಕ್ರಾಂತಿಗೂ ಇದೇ ಗತಿ. ಬಾಸ್ಟಿಲ್ ಸೆರೆಮನೆ ಬಿದ್ದದ್ದು 1789ರ ಜುಲೈ 14. ಸರಿಯುತ್ತರದ ವೃತ್ತ ತುಂಬಿ, ಮುಂದೆ ಹೋಗಿ. ಒಳಗಿದ್ದ ಕೈದಿಗಳು ಏಳೇ ಜನ, ಜನ ನುಗ್ಗಿದ್ದು ಮುಖ್ಯವಾಗಿ ಸಿಡಿಮದ್ದಿಗೆ ಅನ್ನುವುದು ಯಾವ ವೃತ್ತಕ್ಕೂ ಹಿಡಿಸದು. ಆ ದಿನದ ಡೈರಿಯಲ್ಲಿ ಹದಿನಾರನೇ ಲೂಯಿ ಬರೆದದ್ದು ‘ಏನೂ ಇಲ್ಲ’ ಅಂತ. ಅದು ಅಂದಿನ ಬೇಟೆಯಲ್ಲಿ ಏನು ಸಿಕ್ಕಿತು ಅನ್ನುವ ಲೆಕ್ಕ, ನಿಜ. ಆದರೆ ಕೀ ಉತ್ತರಕ್ಕೆ ಕರುಣೆ ಇಲ್ಲ, ಮಹಾರಾಜರಿಗೆ ಸೊನ್ನೆ.

ಈ ವೃತ್ತ ತುಂಬುವ ವಿದ್ಯೆಗೂ ಒಂದು ಇತಿಹಾಸ ಇದೆ. 1917ರಲ್ಲಿ ಅಮೆರಿಕ ಇದೇ ಮಹಾಯುದ್ಧಕ್ಕೆ ಇಳಿದಾಗ, ಸೇನೆಗೆ ಸೇರಿದವರಲ್ಲಿ ಯಾರ ಬುದ್ಧಿ ಎಷ್ಟು ಅಂತ ಅಳೆಯಬೇಕಾಯಿತು. ಆರ್ಮಿ ಆಲ್ಫಾ, ಆರ್ಮಿ ಬೀಟಾ ಅಂತ ಎರಡು ಪರೀಕ್ಷೆ ಹುಟ್ಟಿದವು. ಬರೆದವರು ಸುಮಾರು 17 ಲಕ್ಷ ಜನ. ಒಬ್ಬೊಬ್ಬರ ಉತ್ತರ ಓದುತ್ತಾ ಕೂರಲು ಪುರುಸೊತ್ತು ಯಾರಿಗಿದೆ? ಸರಿಯಾದ ಆಯ್ಕೆಗೆ ಗುರುತು ಹಾಕು, ನಡೆ. ಯುದ್ಧ ಮುಗಿದ ಮೇಲೆ ಆ ಪದ್ಧತಿ ಶಾಲೆಗಳಿಗೆ ಹಬ್ಬಿತು. ಸೈನಿಕರು ಮನೆಗೆ ಹೋದರು, ಪರೀಕ್ಷೆ ಹೋಗಲಿಲ್ಲ.

ಅಂದರೆ ‘ಮಹಾಯುದ್ಧದ ಪರಿಣಾಮ ಯಾವುದು?’ ಅನ್ನುವುದಕ್ಕೆ ಈ ಪ್ರಶ್ನೆಪತ್ರಿಕೆಯೂ ಒಂದು ಸರಿಯುತ್ತರ. ನಾಲ್ಕೂ ಆಯ್ಕೆ ಹುಡುಕಿದೆ. ಕೊಟ್ಟಿಲ್ಲ.