ಯಾವ ಗೆರೆಗೆ ತಾಯಿ?

ಈ ಕ್ಷಣಕ್ಕೆ ನನ್ನ ಒಂದು ಹುಬ್ಬು ತಿದ್ದಿದೆ, ಇನ್ನೊಂದು ಕಾಡು ಬೆಳೆದ ಹಾಗೇ ಇದೆ. ಎಡಗಡೆ ಮುಗಿಸಿ ಬಲಗಡೆಗೆ ದಾರ ಹಿಡಿಯೋ ಹೊತ್ತಿಗೆ ಜಗಳ ಹತ್ತಿಕೊಂಡಿತು, ಎದ್ದು ಬಂದುಬಿಟ್ಟೆ. ಅರ್ಧ ದುಡ್ಡು ಕೊಟ್ಟು ಬಂದೆ. ನ್ಯಾಯ ಅಂದ್ರೆ ನ್ಯಾಯ.

ಆಗಿದ್ದು ಇಷ್ಟು. ನಮ್ಮ ತುಮಕೂರಿನ ಎಸ್.ಎಸ್. ಪುರಂ ಕಡೆಯ ಒಂದು ಪಾರ್ಲರ್. ಹೆಸರು ಕೇಳಬೇಡಿ, ಹೇಳಲ್ಲ. ಬಾಗಿಲಲ್ಲೇ ಹೊಸ ಬ್ಯಾನರು, ಒಂದು ಬಿಳಿ ಹುಡುಗಿಯ ಮುಖ, ಪಕ್ಕದಲ್ಲೊಂದು ಸೂಜಿ, ಕೆಳಗೆ ‘ಮದುವೆ ಸೀಸನ್ ಆಫರ್’. ಪಕ್ಕದ ಕುರ್ಚಿಯಲ್ಲಿ ಗುಬ್ಬಿ ಕಡೆಯ ಒಬ್ಬ ಹೆಂಗಸು. ಮಗಳ ಮದುವೆಗೆ ಇನ್ನು ಮೂರು ವಾರವಂತೆ. ‘ಫೋಟೋದಲ್ಲಿ ಬೀಗಿತ್ತಿ ಪಕ್ಕ ನಿಂತ್ರೆ ನಾನೇ ಅಜ್ಜಿ ಥರ ಕಾಣ್ತೀನಿ ಕಣಮ್ಮ, ಏನಾದ್ರೂ ಮಾಡು’ ಅಂದ್ರು. ಅದಕ್ಕೆ ಪಾರ್ಲರ್ ಹುಡುಗಿ ಕೊಟ್ಟ ಉತ್ತರ: ‘ಎರಡಿದೆ ಆಂಟಿ. ಬೊಟಾಕ್ಸ್ ಇದೆ, ಫಿಲ್ಲರ್ ಇದೆ. ಎರಡೂ ಸುಕ್ಕಿಗೇನೇ. ಬೊಟಾಕ್ಸ್ ಮೂರ್ನಾಲ್ಕು ತಿಂಗಳು ಬರುತ್ತೆ, ಫಿಲ್ಲರ್ ಒಂದು ವರ್ಷ ಬರುತ್ತೆ. ಲೆಕ್ಕ ಹಾಕಿದ್ರೆ ಫಿಲ್ಲರೇ ಲಾಭ.’

ಲಾಭ! ಸ್ಕೂಟರಿಗೆ ಟೈರು ಹಾಕಿಸೋ ಹಾಗೆ.

ಯಾವ ಗೆರೆಗೆ ಅಂತ ಕೇಳಲಿಲ್ಲ ಕಣ್ರೀ. ಅದೊಂದು ಪ್ರಶ್ನೆ ಕೇಳಿದ್ದಿದ್ರೆ ನಾನು ಬಾಯಿ ಮುಚ್ಕೊಂಡು ಬಲಗಡೆ ಹುಬ್ಬೂ ಮುಗಿಸ್ಕೊಂಡು ಬರ್ತಿದ್ದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಕೂತ್ರೂ ಬೆಣ್ಣೆ ಹಾಕ್ಲಾ ಬೇಡ್ವಾ ಅಂತ ಕೇಳ್ತಾರೆ. ಮುಖಕ್ಕೆ ಸೂಜಿ ಚುಚ್ಚೋಕೆ ಹೊರಟವರು ಎಲ್ಲಿಗೆ ಅಂತ ಕೇಳಲ್ಲ.

ಇಪ್ಪತ್ತಾರು ವರ್ಷದಿಂದ ಜೀವಶಾಸ್ತ್ರ ಹೇಳ್ಕೊಡ್ತಿರೋಳು ನಾನು, ಸುಮ್ನಿರೋಕಾಗುತ್ತಾ? ಬೊಟಾಕ್ಸ್ ಗೆರೆಯನ್ನ ಮುಟ್ಟೋದೇ ಇಲ್ಲ. ಅದು ಕೆಲಸ ಮಾಡೋದು ಗೆರೆಯ ಅಡಿಯ ಸ್ನಾಯುವಿನ ಮೇಲೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಂದು ‘ಕುಗ್ಗು’ ಅಂದಾಗ ಸ್ನಾಯು ಕುಗ್ಗುತ್ತೆ. ಬೊಟಾಕ್ಸ್ ಆ ಮಾತು ತಲುಪದ ಹಾಗೆ ತಡೆಯುತ್ತೆ. ಸ್ನಾಯು ಸುಮ್ಮನಾಗುತ್ತೆ, ಮೇಲಿನ ಚರ್ಮ ಮಡಚೋದು ನಿಲ್ಲುತ್ತೆ. ಫಿಲ್ಲರ್ ಪೂರ್ತಿ ಬೇರೆ ಕಥೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರೋದು ಹೈಯಲುರಾನಿಕ್ ಆಸಿಡ್ ಜೆಲ್. ನಮ್ಮ ಚರ್ಮದಲ್ಲೇ ಇರೋ, ನೀರು ಹಿಡಿದಿಟ್ಟುಕೊಳ್ಳೋ ವಸ್ತು. ತಗ್ಗು ಬಿದ್ದ ಕಡೆ ತುಂಬೋದು ಅದರ ಕೆಲಸ. ಒಂದು ಎಳೆತ ನಿಲ್ಲಿಸುತ್ತೆ, ಇನ್ನೊಂದು ಗುಂಡಿ ಮುಚ್ಚುತ್ತೆ. ಇದರಲ್ಲಿ ಯಾವುದು ಲಾಭ ಅಂತ ಕೇಳೋದು, ಗಾರೆಯವನು ಲಾಭವೋ ಬಡಗಿ ಲಾಭವೋ ಅಂದ ಹಾಗೆ. ಮನೇಲಿ ಕೆಟ್ಟಿರೋದು ಏನು ಮೊದಲು ನೋಡಿ.

ಆಮೇಲೆ ಕೋಪ ನೆತ್ತಿಗೇರಿದ್ದು ಇದಕ್ಕೆ. ಆ ಹೆಂಗಸಿಗೆ ಎದ್ದು ಕಾಣ್ತಿದ್ದಿದ್ದು ಎರಡು ಹುಬ್ಬಿನ ಮಧ್ಯದ ಗೆರೆ, ನನಗಿದೆಯಲ್ಲ, ಥೇಟ್ ಅದೇ. ಅಲ್ಲಿಗೆ ಫಿಲ್ಲರ್ ಹಾಕೋದು ಅಂದ್ರೆ ಚರ್ಮದ ಡಾಕ್ಟರುಗಳೇ ಹೆದರೋ ಜಾಗ. ಅಲ್ಲಿರೋ ರಕ್ತನಾಳಗಳಿಗೆ ಕಣ್ಣಿನ ನಾಳದ ಜೊತೆ ಸಂಪರ್ಕ ಇದೆ. ಜೆಲ್ ಅಪ್ಪಿತಪ್ಪಿ ನಾಳದೊಳಗೆ ಹೋದ್ರೆ ದೃಷ್ಟಿ ಹೋಗಬಹುದು. ಅಪರೂಪ, ಆದ್ರೆ ಹೋದ ಕಣ್ಣು ಹೋದ ಹಾಗೇ. ಹೈಯಲುರಾನಿಕ್ ಜೆಲ್ ಕರಗಿಸೋಕೆ ಹೈಯಲುರಾನಿಡೇಸ್ ಅನ್ನೋ ಇಂಜೆಕ್ಷನ್ ಇದೆ, ಅದನ್ನ ಕೈಯಳತೆಯಲ್ಲಿ ಇಟ್ಕೊಂಡೇ ಕೆಲಸ ಶುರು ಮಾಡ್ಬೇಕು. ಅದಿದೆಯಾ ಅಂತ ಕೇಳಿದೆ. ‘ಏನು ಮೇಡಂ ಅದು’ ಅಂದ್ಳು. ಇನ್ನು ಬೊಟಾಕ್ಸನ್ನ ಬಾಯಿ ಸುತ್ತ ತಪ್ಪಾಗಿ ಹಾಕಿದ್ರೆ ನಗು ಸೊಟ್ಟ ಆಗುತ್ತೆ, ಸ್ಟ್ರಾ ಹಾಕಿ ಎಳನೀರು ಕುಡಿಯೋಕೂ ಒದ್ದಾಡ್ಬೇಕು. ಮಗಳ ಮದುವೆ ಫೋಟೋದಲ್ಲಿ ಸೊಟ್ಟ ನಗು.

‘ಚುಚ್ಚೋರು ಯಾರಮ್ಮ’ ಅಂದೆ. ‘ಭಾನುವಾರ ಬೆಂಗಳೂರಿಂದ ಒಬ್ರು ಬರ್ತಾರೆ.’ ‘ಡಾಕ್ಟ್ರಾ?’ ‘ಟ್ರೈನಿಂಗ್ ಆಗಿದೆ ಮೇಡಂ.’ ಆಮೇಲೆ ಒಂದು ಬಾಣ ಬಿಟ್ಳು ನೋಡಿ: ‘ನಾವು ಎರಡು ವರ್ಷದಿಂದ ಹೇರ್ ಬೊಟಾಕ್ಸ್ ಮಾಡ್ತಿದೀವಿ, ಯಾರಿಗೂ ಏನೂ ಆಗಿಲ್ಲ.’

ಅಯ್ಯೋ ನನ್ನ ಕರ್ಮವೇ. ಹೇರ್ ಬೊಟಾಕ್ಸ್‌ನಲ್ಲಿ ಬೊಟಾಕ್ಸೇ ಇಲ್ಲ ತಾಯಿ! ಅದು ಕೂದಲಿಗೆ ಹಚ್ಚೋ ಕಂಡೀಷನರ್ ಥರದ್ದು, ಹೆಸರು ಮಾತ್ರ ಕಡ ತಂದಿದ್ದು. ಕೂದಲಿಗೆ ಎಲ್ಲಿಂದ ಬಂತು ಸ್ನಾಯು? ಅಸಲಿ ಬೊಟಾಕ್ಸ್ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ವಿಷ. ಕೆಟ್ಟ ಮಾಂಸದ ಸಾಸೇಜ್ ತಿಂದು ಜನ ಸಾಯ್ತಿದ್ದ ಕಾಲದಲ್ಲಿ ಪತ್ತೆಯಾಗಿದ್ದು, ಲ್ಯಾಟಿನ್‌ನಲ್ಲಿ ಬಾಟುಲಸ್ ಅಂದ್ರೆ ಸಾಸೇಜೇ. ಅದನ್ನ ಅಳತೆ ಮಾಡಿ ಔಷಧಿಯಾಗಿ ಮೊದಲು ಬಳಸಿದ್ದು ಮೆಳ್ಳೆಗಣ್ಣಿಗೆ, ಕಣ್ಣುರೆಪ್ಪೆಯ ಸೆಳೆತಕ್ಕೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಕೆನಡಾದ ಒಬ್ಬ ಕಣ್ಣಿನ ಡಾಕ್ಟರಮ್ಮ ರೆಪ್ಪೆಗೆ ಸೂಜಿ ಹಾಕುವಾಗ ರೋಗಿಯ ಹುಬ್ಬಿನ ನಡುವಿನ ಗೆರೆಯೂ ಹೋಗಿದ್ದು ಗಮನಿಸಿ, ಚರ್ಮದ ಡಾಕ್ಟರಾಗಿದ್ದ ಗಂಡನಿಗೆ ಹೇಳಿದ್ರಂತೆ. ಹುಬ್ಬಿನ ಗೆರೆಗೆ ಅಂತಲೇ ಅಮೆರಿಕದಲ್ಲಿ ಒಪ್ಪಿಗೆ ಸಿಗೋ ಹೊತ್ತಿಗೆ 2002. ಇಷ್ಟು ದಾರಿ ಸವೆಸಿ ಬಂದ ವಸ್ತು ನಮ್ಮೂರಲ್ಲಿ ಫೇಶಿಯಲ್ಲು, ಪೆಡಿಕ್ಯೂರಿನ ಜೊತೆ ರೇಟ್ ಕಾರ್ಡಲ್ಲಿ ಕೂತಿದೆ. ಫ್ರಿಜ್‌ನಲ್ಲಿಡಬೇಕಾದ ಔಷಧಿ ಅದು. ಅವರ ಫ್ರಿಜ್‌ನಲ್ಲಿ ನಾನು ಕಂಡಿದ್ದು ಸೌತೆಕಾಯಿ.

ಸರಿ, ಈಗ ಹೇಳ್ಬಿಡ್ತೀನಿ, ಬೇರೆಯವರಿಂದ ಗೊತ್ತಾಗೋದಕ್ಕಿಂತ ನಾನೇ ಹೇಳೋದು ವಾಸಿ. ನಾನೂ ಬೊಟಾಕ್ಸ್ ಮಾಡಿಸ್ಕೊಂಡಿದೀನಿ. ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ, ಬೆಂಗಳೂರಲ್ಲಿ. ಎಷ್ಟಾಯ್ತು ಅಂತ ಬರೆಯಲ್ಲ, ನಮ್ಮನೆಯವರು ಇಲ್ಲೇ ಫ್ರೆಂಡ್ ಲಿಸ್ಟಲ್ಲಿದಾರೆ. ಆ ಡಾಕ್ಟರಮ್ಮ ಸೂಜಿ ತೆಗೆಯೋಕೆ ಮೊದಲು ಅರ್ಧ ಗಂಟೆ ನನ್ನ ಕೈಲಿ ನಾಟಕ ಮಾಡಿಸಿದ್ರು. ನಗಿ, ಸಿಟ್ಟು ಮಾಡ್ಕೊಳ್ಳಿ, ಆಶ್ಚರ್ಯಪಡಿ, ಈಗ ಸುಮ್ನಿರಿ. ಸುಮ್ನಿದ್ದಾಗ ಮಾಯವಾಗೋ ಗೆರೆ ಸ್ನಾಯುವಿಂದು, ಸುಮ್ನಿದ್ದಾಗಲೂ ನಿಂತಿರೋದು ಚರ್ಮದ್ದು ಅಂತ ಹೇಳ್ತಾ ಪೆನ್ನಲ್ಲಿ ಚುಕ್ಕಿ ಇಟ್ರು. ಯಾವ ಮಾತ್ರೆ ತಗೋತೀರಿ, ಸ್ನಾಯುಗಳ ದೌರ್ಬಲ್ಯದ ಕಾಯಿಲೆ ಇದೆಯಾ, ಬಸುರಿಯಾ ಅಂತೆಲ್ಲ ಕೇಳಿದ್ರು. ಐವತ್ತೊಂದನೇ ವಯಸ್ಸಲ್ಲಿ ಆ ಕೊನೇ ಪ್ರಶ್ನೆಗೆ ಖುಷಿಪಟ್ಟೋಳು ನಾನೊಬ್ಬಳೇ ಇರ್ಬೇಕು. ಹುಬ್ಬಿನ ನಡುವೆ 20 ಯೂನಿಟ್. ಮೂಗಿಂದ ಬಾಯಿ ತುದಿಗೆ ಇಳಿಯೋ ಗೆರೆ ತೋರಿಸಿದ್ದಕ್ಕೆ ‘ಇದಕ್ಕೆ ಅದು ಆಗಲ್ಲ, ಜೆಲ್ ಬೇಕು’ ಅಂತ ಒಪ್ಪಿಗೆ ಪತ್ರ ಕೈಗಿಟ್ರು. ಓದಿದೆ. ಬೇಡ ಅಂದೆ. ಆ ಗೆರೆ ಇಗೋ ಇಲ್ಲೇ ಇದೆ.

ಫಲಿತಾಂಶ? ಎರಡು ವಾರಕ್ಕೆ ಹಣೆ ನುಣ್ಣಗಾಯ್ತು. ಆದ್ರೆ ಹುಬ್ಬು ಗಂಟಿಕ್ಕೋಕೇ ಬರ್ತಿರಲಿಲ್ಲ! ಒಂಬತ್ತನೇ ಕ್ಲಾಸಿನ ಬಿ ಸೆಕ್ಷನ್‌ನವರು ಪೂರ್ತಿ ಮೂರು ತಿಂಗಳು ಮೆರೆದ್ರು. ನಾನು ಬೈತಿದ್ದೆ, ಮುಖ ಮಾತ್ರ ಹರಸ್ತಿತ್ತು. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಗಂಟು ವಾಪಸ್ ಬಂತು, ಕ್ಲಾಸು ತಣ್ಣಗಾಯ್ತು. ಮತ್ತೆ ಮಾಡಿಸ್ಕೊಂಡಿಲ್ಲ. ಮಾಡಿಸ್ಕೊಳ್ಳಲ್ಲ ಅಂತಾನೂ ಹೇಳಲ್ಲ.

ಈಗ ಕಾಮೆಂಟಿಗೆ ಬರೋರು ಗೊತ್ತು ನನಗೆ. ‘ಸುಕ್ಕು ಅನುಭವದ ಗುರುತು ಮೇಡಂ, ಸಹಜ ಸೌಂದರ್ಯ’ ಅನ್ನೋ ಗಂಡಸರು. ತಿಂಗಳಿಗೊಂದು ಸಲ ಮೀಸೆಗೆ ಕಪ್ಪು ಹಚ್ಚೋರು ನೀವು, ಸುಮ್ನೆ ಮುಂದಕ್ಕೆ ಹೋಗಿ. ಇನ್ನೊಂದು ಮಾತಿದೆ, ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ: ನಿಮಗೆ ಸಂಬಳ ಇದೆ, ಬೆಂಗಳೂರಿಗೆ ಹೋಗ್ತೀರಿ, ಗುಬ್ಬಿ ಹೆಂಗಸಿಗೆ ಅಗ್ಗಕ್ಕೆ ಇಲ್ಲೇ ಸಿಕ್ರೆ ನಿಮಗ್ಯಾಕೆ ಹೊಟ್ಟೆಯುರಿ? ಒಪ್ಪಿದೆ. ಆದ್ರೆ ತುಮಕೂರಲ್ಲೇ ಚರ್ಮದ ಡಾಕ್ಟರುಗಳಿಲ್ವಾ? ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬೋರ್ಡು ಎಣಿಸಿ. ಅಗ್ಗದ ಮಾತಲ್ಲ ಇದು. ಯಾವ ಗೆರೆಗೆ ಅಂತ ಕೇಳೋಕೆ ಕಾಸು ಬೀಳಲ್ಲ.

ಮೆಟ್ಟಿಲಿಳಿಯುವಾಗ ಆ ಹೆಂಗಸೂ ಹಿಂದೆ ಬಂದ್ರು. ‘ಅಕ್ಕಾ, ನಂದು ಯಾವ್ದು ನೋಡಿ’ ಅಂದ್ರು. ಸಿಟ್ಟು ಮಾಡ್ಕೊಳ್ಳಿ ಅಂದೆ, ಮಾಡ್ಕೊಂಡ್ರು, ಗೆರೆ ಬಂತು. ಸುಮ್ನಿರಿ ಅಂದೆ, ಹೋಯ್ತು. ‘ಡಾಕ್ಟರ ಹತ್ರ ಹೋಗೋದಾದ್ರೆ ಈ ವಾರವೇ ಹೋಗಿ, ಪೂರ್ತಿ ಗೊತ್ತಾಗೋಕೆ ಹದಿನೈದು ದಿನ ಬೇಕು’ ಅಂದೆ. ‘ಬೀಗಿತ್ತಿ ಎದುರು ಸಿಟ್ಟು ಮಾಡ್ಕೊಳ್ದೇ ಇದ್ರೆ ಸಾಕಲ್ವಾ ಅಕ್ಕ ಹಂಗಾದ್ರೆ’ ಅಂದು ನಕ್ಕು ಆಟೋ ಹತ್ತಿದ್ರು.

ನಾಳೆ ಮೊದಲನೇ ಪೀರಿಯಡ್ಡೇ ಬಿ ಸೆಕ್ಷನ್ನು. ಅಮಾನಿಕೆರೆ ವಾಕಿಂಗ್ ಬಳಗದವರೇ, ಬೆಳಿಗ್ಗೆ ಎಂಟೂವರೆಯೊಳಗೆ ಬಾಗಿಲು ತೆಗೆಯೋ ಪಾರ್ಲರ್ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಒಂದೇ ಹುಬ್ಬಿಗೆ ಎಷ್ಟು ತಗೋತಾರೆ ಅಂತಾನೂ ಕೇಳಿಡಿ. ಬ್ಯಾನರಲ್ಲಿ ಸೂಜಿ ಇರಬಾರದು.