ಬೇಕಾಗಿದ್ದಾರೆ: ಕುಡಿತ ಬಿಡಿಸುವವರು

ಮೈಸೂರಿನ ಲೈಟುಕಂಬಗಳಿಗೆ ಬಾಯಿಲ್ಲದಿದ್ದರೂ ಹೇಳುವುದಕ್ಕೆ ಬೇಕಾದಷ್ಟಿದೆ. ಮೇಲೊಂದು ಹಳದಿ ಚೀಟಿ: ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’. ಅದರ ಕೆಳಗೆ ಪೇಯಿಂಗ್ ಗೆಸ್ಟ್ ಹುಡುಗರು ಬೇಕು. ಅದಕ್ಕೂ ಕೆಳಗೆ, ಅರ್ಧ ಹರಿದ ಬಿಳಿ ಹಾಳೆ: ‘ವ್ಯಸನಮುಕ್ತಿ ಕೇಂದ್ರಕ್ಕೆ ಕೌನ್ಸೆಲರ್ ಬೇಕಾಗಿದ್ದಾರೆ.’ ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿ, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಈ ಮೂರನೆಯ ಚೀಟಿಯ ಮುಂದೆ ನಿಂತಿರುವ ತರುಣ ತರುಣಿಯರಿಗೆ ಉಪಕಾರವಾಗಲೆಂದು ಈ ಬರಹ.

ಮೊದಲು ಚೀಟಿಯನ್ನು ಪೂರ್ತಿ ಓದಿ. ‘ವಿದ್ಯಾರ್ಹತೆ: ಎಂ.ಎಸ್.ಡಬ್ಲ್ಯು. ಅಥವಾ ಸೈಕಾಲಜಿ ಅಥವಾ ಯಾವುದೇ ಪದವಿ. ಗಂಡಸರಿಗೆ ಮಾತ್ರ. ದೃಢಕಾಯರಾಗಿರಬೇಕು. ಕಾರಿನ ಡಿ.ಎಲ್. ಕಡ್ಡಾಯ. ಕೇಂದ್ರದಲ್ಲೇ ಉಳಿಯಬೇಕು. ಊಟ, ವಸತಿ ಉಚಿತ. ಕುಡಿದು ಬಿಟ್ಟವರಿಗೆ ಆದ್ಯತೆ. ಸಂಬಳ ಮಾತಾಡಬಹುದು.’

ಕೊನೆಯಿಂದ ಬಿಡಿಸೋಣ. ಸಂಬಳ ಮಾತಾಡಬಹುದು ಎಂದರೆ ಮಾತಾಡಬಹುದು, ಅಷ್ಟೇ. ಊಟ ಉಚಿತ ಎಂದರೆ ಅಡುಗೆಯವನು ಊರಿಗೆ ಹೋದ ದಿನ ಮೂವತ್ತು ಜನಕ್ಕೆ ಉಪ್ಪಿಟ್ಟು ಕೆದಕುವವರೂ ನೀವೇ. ವಸತಿ ಉಚಿತ ಎಂದರೆ ರಾತ್ರಿ ಪಾಳಿಗೆ ಕಾವಲುಗಾರನ ಸಂಬಳ ಉಳಿಯಿತು. ಡಿ.ಎಲ್. ಯಾಕೆ ಕೇಳುತ್ತಾರೆಂದು ಮುಗ್ಧವಾಗಿ ಕೇಳಬೇಡಿ. ಅದಕ್ಕೆ ಈ ವೃತ್ತಿಯಲ್ಲಿ ‘ಪಿಕಪ್’ ಎಂದು ಹೆಸರು. ಹೆಂಡತಿಯೋ ಭಾವಮೈದುನನೋ ಫೋನ್ ಮಾಡುತ್ತಾರೆ, ನಸುಕಿನ ನಾಲ್ಕಕ್ಕೆ ಓಮ್ನಿ ಹೊರಡುತ್ತದೆ, ಮಲಗಿದ್ದವನನ್ನು ಪಂಚೆಯ ಸಮೇತ ಎತ್ತಿ ಹಾಕಿಕೊಂಡು ಬರುತ್ತದೆ. ದೃಢಕಾಯದ ಷರತ್ತು ಇಲ್ಲಿ ಅನ್ವಯ.

ಅಡ್ಡಿಗೆ ಒಂದು ಕಾನೂನಿದೆ ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿಕೊಂಡ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಆದ್ದರಿಂದ ಅಂಥವರನ್ನು ಒಳಗಿಟ್ಟು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಒಪ್ಪಿ ಬಂದವನು ಹೋಗುತ್ತೇನೆಂದರೆ ಬಿಡಬೇಕು. ತೀರಾ ಅನುಮಾನವಿದ್ದರೆ ಪರೀಕ್ಷಿಸಲು 24 ಗಂಟೆ ನಿಲ್ಲಿಸಿಕೊಳ್ಳಬಹುದು. ಒಪ್ಪದವನನ್ನು ಸೇರಿಸಿಕೊಳ್ಳಬೇಕಾದರೆ 89ನೇ ಸೆಕ್ಷನ್ನು: ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ವೃತ್ತಿಪರರೋ ಬೇರೆಬೇರೆಯಾಗಿ ನೋಡಿ, ತನಗೋ ಇತರರಿಗೋ ಅಪಾಯವಿದೆ ಅಥವಾ ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ಬರೆಯಬೇಕು. ಅದೂ ಮೂವತ್ತು ದಿನಕ್ಕೆ. ಸರಪಳಿ ಕಟ್ಟುವುದನ್ನು 95ನೇ ಸೆಕ್ಷನ್ನು ನಿಷೇಧಿಸಿದೆ. ‘ಭಾವಮೈದುನ ಫೋನ್ ಮಾಡಿದ’ ಎಂಬುದು ಇಡೀ ಕಾಯ್ದೆಯಲ್ಲಿ ಎಲ್ಲೂ ಸಿಗುವುದಿಲ್ಲ. ಆದರೂ ಪ್ಯಾಕೇಜು ತೊಂಬತ್ತು ದಿನದ್ದು. ಮನಶ್ಶಾಸ್ತ್ರ ಹೇಳಿದ್ದಕ್ಕಲ್ಲ, ಶುಲ್ಕ ತಿಂಗಳ ಲೆಕ್ಕದ್ದು, ಅದಕ್ಕೆ.

ಇನ್ನು ‘ಯಾವುದೇ ಪದವಿ’. ಇದು ಉದಾರತೆ ಎಂದು ತಿಳಿದು ಹಿಗ್ಗಬೇಡಿ. ಸರ್ಕಾರಿ ಹುದ್ದೆಗೆ ಹೋದರೆ ಇದರ ತದ್ವಿರುದ್ಧ ತಮಾಷೆ ಕಾದಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು, ಅದಕ್ಕೆ ಇಷ್ಟು ವರ್ಷ ಎರಡು ವರ್ಷದ ಎಂ.ಫಿಲ್. ದಾರಿ. ಯು.ಜಿ.ಸಿ. 2022ರಲ್ಲಿ ಎಂ.ಫಿಲ್. ಪದವಿಯನ್ನೇ ರದ್ದು ಮಾಡಿತು. ಆಮೇಲೆ ಯಾರೋ ಜ್ಞಾಪಿಸಿರಬೇಕು. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೂ ಮಾತ್ರ 2025-26ರ ಸಾಲಿನವರೆಗೆ ಜೀವದಾನ ಕೊಟ್ಟಿತು. ಹೀಗೆ ಒಂದು ಕಡೆ ಇಲ್ಲದ ಪದವಿ ಕೇಳುತ್ತಾರೆ, ಇನ್ನೊಂದು ಕಡೆ ಇರುವ ಪದವಿ ಯಾವುದಾದರೂ ಆಗಲಿ ಅನ್ನುತ್ತಾರೆ.

ಪದವಿ ಗಟ್ಟಿಯಿದ್ದವರಿಗೆ ಇನ್ನೊಂದು ಅವಕಾಶ ತಾನಾಗಿ ಬರುತ್ತದೆ. ಕೇಂದ್ರದ ಯಜಮಾನರು ಕಾಫಿ ತರಿಸಿ, ಬಾಗಿಲು ಮುಚ್ಚಿ, ದನಿ ತಗ್ಗಿಸುತ್ತಾರೆ: ‘ನೋಡಿ ಮೇಷ್ಟ್ರೇ, ನೀವು ಬರೋದೇನೂ ಬೇಡ. ಸರ್ಟಿಫಿಕೇಟ್ ಜೆರಾಕ್ಸು, ಎರಡು ಫೋಟೋ ಕೊಟ್ಟಿರಿ ಸಾಕು. ಇನ್‌ಸ್ಪೆಕ್ಷನ್ ದಿನ ಒಂದು ಗಂಟೆ ಬಂದು ಕೂತ್ಕೊಂಡ್ರೆ ಆಯ್ತು.’ ಮೈಸೂರಲ್ಲಿ ಮನೆ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸು ಕೇಳುತ್ತಾರೆ, ಎಂ.ಎಸ್ಸಿ. ಬಾಡಿಗೆಗೆ ಒಂದು ತಿಂಗಳದ್ದೂ ಕೊಡುವುದಿಲ್ಲ. ತಪಾಸಣೆಗೆ ಬಂದವರು ಕೇಸ್ ಫೈಲು ತೆರೆದು ‘ಇವರ ಆಡಿಟ್ ಸ್ಕೋರ್ ಎಷ್ಟಿತ್ತು?’ ಎಂದು ಕೇಳಿದರೆ ಯಜಮಾನರು ತಮ್ಮ ಲೆಕ್ಕಪರಿಶೋಧಕರ ನಂಬರು ಕೊಡುತ್ತಾರೆ. ಪಾಪ, ‘ಆಡಿಟ್’ ಎಂಬುದು ಕುಡಿತ ಎಷ್ಟು ಕೈಮೀರಿದೆ ಎಂದು ಅಳೆಯುವ ಹತ್ತು ಪ್ರಶ್ನೆಯ ಪಟ್ಟಿ, ನಲವತ್ತಕ್ಕೆ ಎಂಟು ಮುಟ್ಟಿದರೆ ಎಚ್ಚರ, ಇಪ್ಪತ್ತು ಮುಟ್ಟಿದರೆ ಚಟ ಬೇರುಬಿಟ್ಟಿರುವ ಸಂಭವ, ಎಂದು ಅವರಿಗೆ ಯಾರು ಹೇಳಬೇಕು? ಹೇಳಬೇಕಾದವರ ಜೆರಾಕ್ಸು ಮಾತ್ರ ಅಲ್ಲಿದೆ.

ಸಂದರ್ಶನದಲ್ಲಿ ಕೇಳುವುದು ಒಂದೇ ಪ್ರಶ್ನೆ. ‘ನಿಮ್ಮ ಸಕ್ಸಸ್ ರೇಟ್ ಎಷ್ಟು?’ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಮಂದಿ ಮತ್ತೆ ಒಮ್ಮೆ ಜಾರುತ್ತಾರೆ, ಬಿ.ಪಿ., ಆಸ್ತಮಾದಲ್ಲೂ ಹೆಚ್ಚೂಕಡಿಮೆ ಹಾಗೇ, ಎಂದು ಓದಿದ್ದನ್ನು ಒಪ್ಪಿಸಿದಿರೋ, ಕೆಲಸ ಪಕ್ಕದಲ್ಲಿ ಕೂತವನಿಗೆ. ಬೋರ್ಡಿನ ಮೇಲೆ ‘ಶೇ. 100 ಗ್ಯಾರಂಟಿ’ ಎಂದು ಪೇಂಟರ್ ಆಗಲೇ ಬರೆದು ಹೋಗಿದ್ದಾನೆ. ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಕಲಿತಿದ್ದೇನೆ ಸಾರ್’ ಎಂದರೆ ಯಜಮಾನರ ಮುಖ ಅರಳುತ್ತದೆ. ಅಮೆರಿಕದ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಈ ವಿಧಾನದ ತಿರುಳು, ವಾದ ಮಾಡಬೇಡ, ಬುದ್ಧಿ ಹೇಳಬೇಡ, ಬಿಡಬೇಕಾದ ಕಾರಣ ಅವನ ಬಾಯಿಂದಲೇ ಬರಲಿ ಎಂಬುದು. ಯಜಮಾನರಿಗೆ ಕೇಳಿಸುವುದು ಮೊದಲ ಪದ ಮಾತ್ರ. ‘ಮೋಟಿವೇಷನ್ನಾ? ಬಹಳ ಒಳ್ಳೇದು. ಮೈಕ್ ಸೆಟ್ಟು ಇದೆ, ದಿನಾ ಬೆಳಿಗ್ಗೆ ಒಂದು ಗಂಟೆ ಚೆನ್ನಾಗಿ ಉಗೀರಿ.’

ಸೇರಿದ ಮೇಲೆ ಮೂರು ರಾತ್ರಿ ಜೋಪಾನ. ದಿನಾ ಕ್ವಾರ್ಟರ್ ಹಾಕುವವನೆಂದರೆ, ಒಂದು ಪೆಗ್ಗಿಗೆ 30 ಎಂ.ಎಲ್., ಶೇ. 42.8ರ ಲೆಕ್ಕದಲ್ಲಿ ಸುಮಾರು ಹತ್ತು ಗ್ರಾಂ ಶುದ್ಧ ಆಲ್ಕೋಹಾಲು. ಕ್ವಾರ್ಟರ್ 180 ಎಂ.ಎಲ್., ಅಂದರೆ ಅರವತ್ತು ಗ್ರಾಂ. ಮಂಡ್ಯ ಕಡೆಯ ಮನೆಯವರು ‘ಸ್ವಲ್ಪ ತಗೋತಾರೆ ಡಾಕ್ಟ್ರೇ, ಬರೀ ಎರಡು ಕ್ವಾರ್ಟ್ರು’ ಅನ್ನುತ್ತಾರೆ. ನೀವು ಡಾಕ್ಟರಲ್ಲ, ಆದರೆ ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರುವುದಿಲ್ಲ. ಇಂಥವನನ್ನು ಒಮ್ಮೆಗೇ ನಿಲ್ಲಿಸಿದರೆ ಆರೆಂಟು ಗಂಟೆಗೆ ಕೈ ನಡುಗಲು ಶುರು, ಲೋಟದ ನೀರು ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಎದೆಯ ಮೇಲೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು, ಮಂಚದ ಕೆಳಗೆ ಹಾವು, ಕಿಟಕಿಯಲ್ಲಿ ಸತ್ತ ಅಪ್ಪ. ಮೈ ಬೆವೆತು, ಜ್ವರವೇರಿ, ದಿಕ್ಕು ತಪ್ಪುವ ಈ ಸ್ಥಿತಿಗೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರು, ಸಮಯಕ್ಕೆ ಆಸ್ಪತ್ರೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಕೇಂದ್ರದ ಹಳಬರು ಇದಕ್ಕೆ ‘ಗಾಳಿ ಸೋಕಿದೆ’ ಎಂದು ರೋಗನಿರ್ಣಯ ಮಾಡಿ, ನಿಂಬೆಹಣ್ಣು ತರಲು ಕಳಿಸುತ್ತಾರೆ. ವಿಚಾರವಂತರಾದರೆ ‘ಒಂದು ಬಾಟ್ಲು ಗ್ಲೂಕೋಸ್ ಹಾಕಿ, ಸರಿಹೋಗ್ತಾನೆ’. ನಿಂಬೆಹಣ್ಣೇ ವಾಸಿ. ಸರಿಯಾಗಿ ಉಣ್ಣದೆ ವರ್ಷಗಟ್ಟಲೆ ಕುಡಿದವನ ಮೈಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ತಳ ಕಂಡಿರುತ್ತದೆ. ಅದನ್ನು ಮೊದಲು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ, ಕಣ್ಣು ಓಲಾಡಿ, ಕಾಲು ತಡವರಿಸಿ, ಮಿದುಳಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಕೆಲಸಕ್ಕೆ ಹೂಂ ಅನ್ನುವ ಮುಂಚೆ ಸಂಬಳ ಕೇಳಬೇಡಿ, ಕೇಳಿದರೂ ಉತ್ತರವಿಲ್ಲ. ನೋಂದಣಿ ಸಂಖ್ಯೆ ಎಲ್ಲಿ, ರಾತ್ರಿ ನರ್ಸ್ ಯಾರು, ಥಯಮಿನ್ ಇಂಜೆಕ್ಷನ್ ಎಷ್ಟಿದೆ, ಹತ್ತಿರದ ಐ.ಸಿ.ಯು.ಗೆ ಎಷ್ಟು ನಿಮಿಷ ಎಂದು ಕೇಳಿ. ನಾಲ್ಕಕ್ಕೂ ಉತ್ತರ ಬಂದರೆ ನೀವು ತಪ್ಪಿ ದೊಡ್ಡಾಸ್ಪತ್ರೆಯೊಳಗೆ ಬಂದಿದ್ದೀರಿ.

ಕಂಬದ ಹಳದಿ ಚೀಟಿ ನೆನಪಿದೆಯಲ್ಲ? ಆ ಪುಡಿಯ ಪೊಟ್ಟಣದಲ್ಲಿ ಏನಿದೆ ಎಂಬುದು ಪೊಟ್ಟಣಕ್ಕೂ ಗೊತ್ತಿರುವುದಿಲ್ಲ. ಮನೆಯವರು ಸೊಪ್ಪಿನ ಸಾರಿಗೆ ಬೆರೆಸುತ್ತಾರೆ. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜಕ್ಕೂ ಇದೆ. ಕಡೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವಂಥದ್ದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿ.ಪಿ. ಕುಸಿಯುತ್ತದೆ. ಗೊತ್ತಿದ್ದವನು ಹೆದರಿ ಕುಡಿಯುವುದಿಲ್ಲ, ಮದ್ದಿನ ಗುಟ್ಟೇ ಅದು. ಗೊತ್ತಿಲ್ಲದವನು ಧೈರ್ಯವಾಗಿ ಕುಡಿದು ನೇರ ಐ.ಸಿ.ಯು. ಸೇರುತ್ತಾನೆ. ಚೀಟಿಯವರು ಹೇಳಿದ್ದು ಸುಳ್ಳಲ್ಲ, ಅವನಿಗೆ ಗೊತ್ತಾಗಲೇ ಇಲ್ಲ.

ಮಂಡ್ಯ ಜಿಲ್ಲೆಯಲ್ಲಿ ಕೆಲಸ ಸಿಕ್ಕಿದವರು ಪಂಚಾಂಗ ಇಟ್ಟುಕೊಳ್ಳಿ. ಅಲ್ಲಿ ಚಿಕಿತ್ಸೆ ನಡೆಯುವುದು ಕಬ್ಬಿನ ಲೆಕ್ಕದಲ್ಲಿ. ಕಟಾವಿಗೆ ಆಳಿಲ್ಲ ಎಂದು ಹನ್ನೆರಡನೆಯ ದಿನಕ್ಕೇ ಬಿಡಿಸಿಕೊಂಡು ಹೋಗುತ್ತಾರೆ, ಕಾರ್ಖಾನೆಯ ಬಿಲ್ಲು ಕೈಗೆ ಬಂದ ವಾರ ಮತ್ತೆ ತಂದು ಬಿಡುತ್ತಾರೆ. ಕಬ್ಬು ಅರೆದರೆ ಸಕ್ಕರೆ, ಉಳಿದ ಕಾಕಂಬಿಯಿಂದ ಸ್ಪಿರಿಟ್ಟು. ಗದ್ದೆಯಿಂದ ಹೋದದ್ದು ಕ್ವಾರ್ಟರ್ ಆಗಿ ಊರಿಗೇ ಬರುವ ಈ ಸ್ವಾವಲಂಬನೆಯನ್ನು ಅರ್ಥಶಾಸ್ತ್ರದವರು ಯಾಕೆ ಇನ್ನೂ ಹೊಗಳಿಲ್ಲವೋ. ಅಯ್ಯಪ್ಪನ ಮಾಲೆ ಹಾಕಿದ 41 ದಿನ ಕೇಂದ್ರಕ್ಕೆ ಸುಗ್ಗಿಯಿಲ್ಲ, ಎಲ್ಲರೂ ತಾವಾಗಿಯೇ ಬಿಟ್ಟಿರುತ್ತಾರೆ. ಮಾಲೆ ತೆಗೆದ ಸಂಜೆಯ ಕತೆ ಬೇರೆ. ಬಿಡುವುದು ಕಷ್ಟವಲ್ಲ, ಬಿಟ್ಟ ಮೇಲೆ ಆ ಸಂಜೆ ಆರೂವರೆಯಿಂದ ಎಂಟರವರೆಗೆ ಏನು ಮಾಡುವುದು ಎಂಬುದೇ ಕಷ್ಟ. ಅದಕ್ಕೆ ಬೇಕಾದ್ದು ವಾರವಾರ ಬೆನ್ನುಹತ್ತುವ ಫಾಲೋಅಪ್. ಪ್ಯಾಕೇಜಿನಲ್ಲಿ ಅದಕ್ಕೆ ಕಾಲಂ ಇಲ್ಲ. ರಿಜಿಸ್ಟರಿನಲ್ಲಿ ‘ಗುಣಮುಖ’ ಎಂಬ ಕಾಲಂ ಇದೆ, ಅದನ್ನು ತುಂಬುವುದು ಡಿಸ್ಚಾರ್ಜ್ ದಿನವೇ.

ಸರ್ಕಾರ ಕೈಕಟ್ಟಿ ಕೂತಿದೆ ಎನ್ನುವಂತಿಲ್ಲ. ಸಂವಿಧಾನದ 47ನೇ ವಿಧಿಯನ್ನು ಗೌರವಿಸಿ ಮದ್ಯಪಾನ ಸಂಯಮ ಮಂಡಳಿಯನ್ನಿಟ್ಟಿದೆ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಬಜೆಟ್ಟಿನಲ್ಲಿ ಗುರಿಯನ್ನೂ ಇಟ್ಟಿದೆ. ಸಂಯಮ ಎಂದರೆ ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ವೈನ್ ಸ್ಟೋರಿಗೆ ವಾರಪೂರ್ತಿ ಮಂಗಳವಾರವೇ. ಕೇಂದ್ರ ಸರ್ಕಾರ ಏಮ್ಸ್‌ನಿಂದ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಜನರ ಲೆಕ್ಕದಲ್ಲಿ ಈ ವೃತ್ತಿಯಲ್ಲಿ ಕೆಲಸಕ್ಕೆ ಬರವೇ ಇರಬಾರದಿತ್ತು.

ಬರವಿಲ್ಲದ ದಿನವೂ ಒಂದಿದೆ, ಜೂನ್ 26, ಮಾದಕ ವಸ್ತು ವಿರೋಧಿ ದಿನ. ಅವತ್ತು ಕೌನ್ಸೆಲರ್‌ಗೆ ಎಲ್ಲಿಲ್ಲದ ಬೇಡಿಕೆ. ಬೆಳಿಗ್ಗೆ ಒಂಬತ್ತಕ್ಕೆ ಜಾಥಾ. ಕಾಲೇಜು ಮಕ್ಕಳು ಮುಂದೆ, ಅವರ ಹಿಂದೆ ಚಿಕಿತ್ಸೆಯ ಹನ್ನೊಂದನೇ ದಿನದಲ್ಲಿರುವ ರೋಗಿಗಳು, ಕೈಯಲ್ಲಿ ‘ಕುಡಿತ ಕುಟುಂಬದ ಶತ್ರು’ ಎಂಬ ಫಲಕ, ಎದುರಿಗೆ ಬರುವ ಸೋದರಮಾವನ ಕಣ್ಣು ತಪ್ಪಿಸಲು ಅದೇ ಫಲಕ ಮುಖಕ್ಕೆ ಅಡ್ಡ. ಗೋಪ್ಯತೆ ಕಾಪಾಡಬೇಕೆಂದು ಪಠ್ಯದಲ್ಲಿ ಓದಿದ್ದೀರಲ್ಲ, ಕಾಪಾಡುವುದು ಹೀಗೆ. ಬ್ಯಾನರಿನಲ್ಲಿ ‘ವ್ಯಸನಮುಕ್ತಿ’ ಹೋಗಿ ‘ವ್ಯಸನಯುಕ್ತಿ’ ಎಂದು ಅಚ್ಚಾಗಿರುವುದನ್ನು ಕಡೆಯ ಗಳಿಗೆಯಲ್ಲಿ ಸೆಲೋಟೇಪಿನಿಂದ ಮುಚ್ಚುವವರು ನೀವು. ಮುಖ್ಯ ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಒಂದು ಸನ್ಮಾನದ ಖರ್ಚಿನಲ್ಲಿ ಥಯಮಿನ್ ಎಷ್ಟು ಬರುತ್ತಿತ್ತೆಂದು ಲೆಕ್ಕ ಹಾಕುವ ಚಟ ಅಂಟಿಸಿಕೊಳ್ಳಬೇಡಿ, ಅದನ್ನು ಬಿಡಿಸುವವರಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಕೆಲಸ ಬೇಕೇ ಬೇಕೆನ್ನುವವರು ಅದೇ ಕಂಬದ ಇನ್ನೊಂದು ಮಗ್ಗುಲು ಸುತ್ತಿ ಬನ್ನಿ. ಅಲ್ಲೂ ಒಂದು ಚೀಟಿಯಿದೆ. ಕಂಪ್ಯೂಟರಿನಲ್ಲಿ ಟೈಪಾದದ್ದು, ಲ್ಯಾಮಿನೇಷನ್ ಬೇರೆ. ‘ವೈನ್ ಸ್ಟೋರಿಗೆ ಸೇಲ್ಸ್‌ಮನ್ ಬೇಕಾಗಿದ್ದಾರೆ. ಎಸ್.ಎಸ್.ಎಲ್.ಸಿ. ಸಾಕು. ಪಿ.ಎಫ್., ಇ.ಎಸ್.ಐ. ಸೌಲಭ್ಯವಿದೆ. ವಾರಕ್ಕೊಂದು ರಜೆ. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಸಂಬಳ. ಕುಡಿಯುವ ಅಭ್ಯಾಸವಿದ್ದವರು ದಯವಿಟ್ಟು ಬರಬೇಡಿ.’