ಸೊಂಟದ ಮೇಲಿನ ಘನತೆ

ಆನ್‌ಲೈನ್ ಸಭೆಯಲ್ಲಿ ಮೊದಲ ನೋಟಕ್ಕೇ ಮೆಚ್ಚುಗೆ ಗಳಿಸುವ ಕಲೆಯನ್ನು ಬೋಧಿಸುವ ಪಂಡಿತರು, ಮುಖದ ಮೇಲೆ ಬೆಳಕು ಎಷ್ಟು ಬೀಳಬೇಕು, ಬೆನ್ನ ಹಿಂದೆ ಎಂತಹ ಪುಸ್ತಕಗಳಿರಬೇಕು ಎಂದೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ನಮ್ಮ ದೇಶದ ನ್ಯಾಯಾಲಯಗಳಾದರೋ ಆ ಇಡೀ ಶಾಸ್ತ್ರವನ್ನು ಒಂದೇ ಕೋರಿಕೆಗೆ ಇಳಿಸಿಬಿಟ್ಟಿವೆ: ದಯವಿಟ್ಟು ಅಂಗಿ ತೊಟ್ಟು ಬನ್ನಿ.

ಕೊರೊನಾ ಕಾರಣದಿಂದ ಕಲಾಪಗಳು ವಿಡಿಯೊ ಕಾನ್ಫರೆನ್ಸಿಗೆ ಹೊರಳಿದ 2020ರ ಏಪ್ರಿಲ್‌ನಲ್ಲಿ, ರಾಜಸ್ಥಾನ ಹೈಕೋರ್ಟಿನ ಮುಂದೆ ಜಾಮೀನು ಕೋರಲು ವಕೀಲರೊಬ್ಬರು ಬನಿಯನ್ನಿನಲ್ಲೇ ಪ್ರತ್ಯಕ್ಷರಾದರು. ಪೀಠ ವಿಚಾರಣೆಯನ್ನು ಮುಂದೂಡಿತು. ಜಾಮೀನಿಗಾಗಿ ಕಾದಿದ್ದ ಕಕ್ಷಿದಾರನಿಗೆ, ತನ್ನ ಬಿಡುಗಡೆ ದಂಡಸಂಹಿತೆಯ ಯಾವ ಕಲಮಿಗೂ ಅಲ್ಲ, ತನ್ನ ವಕೀಲರು ಹಾಕಿಕೊಳ್ಳದ ಗುಂಡಿಗಳಿಗೆ ಜೋತುಬಿದ್ದಿದೆ ಎಂಬುದನ್ನು ಯಾರು ಹೇಗೆ ವಿವರಿಸಿದರೋ! ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ತಾನಾಗಿಯೇ ಉದಾರವಾಗಿ, ಕಪ್ಪು ಕೋಟು ಮತ್ತು ಗೌನು ಬೇಡ, ಬಿಳಿ ಉಡುಪು ಹಾಗೂ ಕೊರಳಿನ ಬ್ಯಾಂಡ್ ಸಾಕು ಎಂದಿತು. ಜೂನ್ ಹೊತ್ತಿಗೆ ವಕೀಲರೊಬ್ಬರು ಆ ವಿನಾಯಿತಿಯನ್ನು ಮಂಚದವರೆಗೂ ವಿಸ್ತರಿಸಿಕೊಂಡು, ಟೀ ಶರ್ಟಿನಲ್ಲಿ ಮಲಗಿದ್ದಂತೆಯೇ ಹಾಜರಾಗಿ, ಕಡೆಗೆ ಕ್ಷಮೆ ಕೇಳಿದರು. ಸೆಪ್ಟೆಂಬರಿನಲ್ಲಿ ಕಾರಿನೊಳಗೆ ಕುಳಿತು ಧೂಮಪಾನ ಮಾಡುತ್ತ ಕಲಾಪದಲ್ಲಿ ಕಾಣಿಸಿಕೊಂಡ ಮತ್ತೊಬ್ಬರಿಗೆ ಗುಜರಾತ್ ಹೈಕೋರ್ಟ್ 10,000 ರೂಪಾಯಿ ದಂಡ ವಿಧಿಸಿತು.

ಕರ್ನಾಟಕವೂ ಹಿಂದೆ ಬೀಳಲಿಲ್ಲ. 2021ರ ನವೆಂಬರಿನಲ್ಲಿ, ನಮ್ಮ ಹೈಕೋರ್ಟಿನಲ್ಲಿ ಗಂಭೀರ ಪ್ರಕರಣವೊಂದರ ವಾದ ನಡೆಯುತ್ತಿದ್ದಾಗಲೇ ಅರೆಬೆತ್ತಲೆ ವ್ಯಕ್ತಿಯೊಬ್ಬ ತೆರೆಯ ಮೇಲೆ ನಿಶ್ಚಿಂತನಾಗಿ ವಿರಾಜಮಾನನಾಗಿದ್ದ.

ಆದರೆ ಈ ಪರಂಪರೆಯ ಶಿಖರವನ್ನು ಮುಟ್ಟಿದ್ದು 2025ರ ಜೂನ್. ಗುಜರಾತ್ ಹೈಕೋರ್ಟಿನ ವಿಚಾರಣೆಗೆ ಒಬ್ಬ ಪಕ್ಷಗಾರರು ಶೌಚಾಲಯದಿಂದಲೇ, ಕಮೋಡಿನ ಮೇಲೆ ಆಸೀನರಾಗಿಯೇ ಹಾಜರಾದರು. ನ್ಯಾಯವಾಗಿ ಹೇಳಬೇಕೆಂದರೆ, ಅವರು ಇಯರ್‌ಫೋನ್ ಧರಿಸಿದ್ದರು, ಕ್ಯಾಮೆರಾ ತೆರೆದಿಟ್ಟಿದ್ದರು, ಕರೆದ ಹೊತ್ತಿಗೆ ಸಿದ್ಧರಿದ್ದರು; ಪಂಡಿತರ ಸಲಹೆಗಳಲ್ಲಿ ಅವರು ಮುರಿದದ್ದು ಹಿನ್ನೆಲೆಗೆ ಸಂಬಂಧಿಸಿದ್ದನ್ನು ಮಾತ್ರ. ಅದಕ್ಕಾಗಿ ಅವರು ತೆರಬೇಕಾಗಿ ಬಂದದ್ದು ಒಂದು ಲಕ್ಷ ರೂಪಾಯಿ.

ಇದೇ ಜನ ಕೋರ್ಟಿನ ಮೆಟ್ಟಿಲು ಹತ್ತುವಾಗ ತಮ್ಮ ಚಪ್ಪಲಿಯ ಸದ್ದಿಗೂ ಅಂಜುತ್ತಾರೆ, ದವಾಲಿಯ ಜವಾನನಿಗೂ ಕೈ ಮುಗಿಯುತ್ತಾರೆ. ಬಾಗಿಲ ಜಾಗದಲ್ಲಿ ಲಿಂಕ್ ಬಂದದ್ದೇ ತಡ, ನ್ಯಾಯಪೀಠವೇ ತಮ್ಮ ಮಲಗುವ ಮನೆಗೆ ಅತಿಥಿಯಾಗಿ ಬಂದಿದೆ ಎಂಬ ಸಲುಗೆ ಅವರಿಗೆ ಹುಟ್ಟುತ್ತದೆ. ಆದ್ದರಿಂದ ಘನ ನ್ಯಾಯಾಲಯಗಳಲ್ಲಿ ನನ್ನದೊಂದು ವಿನಮ್ರ ಅರಿಕೆ: ನ್ಯಾಯಮೂರ್ತಿಗಳು ಪೀಠವೇರುವಾಗ ಎಲ್ಲರೂ ಎದ್ದು ನಿಲ್ಲಬೇಕೆಂಬ ಸಂಪ್ರದಾಯವನ್ನು ಆನ್‌ಲೈನ್ ಕಲಾಪಕ್ಕೆ ಯಾವ ಕಾರಣಕ್ಕೂ ಅನ್ವಯಿಸಬಾರದು.